ಬೀಗತಿಯ ಉಂಡಿ

ನಮ್ಮ ಮನೆಯ ಒಲೆಯ ಮೇಲೆ ಮಾಂಸ ಏರುವುದಿರಲಿ, ಅದರ ಹೆಸರು ಕೂಡ ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ತತ್ತಿಯನ್ನು ಸಹ ನಾವು ಹೆಸರು ಹಿಡಿದು ಕರೆದವರಲ್ಲ. ಮಗ ಸಣ್ಣವನಿದ್ದಾಗ ಡಾಕ್ಟರರು ಕೊಡಿ ಎಂದು ಹೇಳಿದ್ದರು. 'ಬಿಳೇದು ಕೊಡಬೇಕಂತ' ಎಂದು ನಾವು ಗಂಡಹೆಂಡತಿ ಪಿಸುಗುಟ್ಟಿಕೊಂಡೆವು, ಕೊಡಲಿಲ್ಲ. ಅಂಥ ಮನೆಯಲ್ಲಿ ಅರವತ್ತೆಂಟು ವರ್ಷದ ನಾನು 2024ರ ಜನೆವರಿಯಲ್ಲಿ ಹಟ ಹಿಡಿದು ಮೂರು ಸಲ ಮಾಂಸದುಂಡಿ ಮಾಡಿದೆ.

ಓದುಗರು ಗಾಬರಿಯಾಗಬಾರದು. ಅದರಲ್ಲಿ ಮಾಂಸವಿರಲಿಲ್ಲ, ಕಾಳು ಇತ್ತು. ಆದರೂ ಅದು ಮಾಂಸದುಂಡಿಯೇ. ಇದು ಹೇಗೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ನನ್ನ ತವರು ಇಳಕಲ್ಲ. ಪಡಸಾಲೆಯ ಮಗ್ಗದ ಸಪ್ಪಳ ಕೇಳುತ್ತ ಬೆಳೆದವಳು. ಓದಿ ಮಾಸ್ತರಿಕೆ ಹಿಡಿದು, ಹುನಗುಂದದಲ್ಲಿ ಕೆಲವು ವರ್ಷ, ಆಮೇಲೆ ಬಾಗಲಕೋಟೆಯಲ್ಲಿ ಉಳಿದಷ್ಟು ವರ್ಷ, ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಿದೆ. ಕೊಟ್ಟ ಮನೆ ಹಳೆ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬರುವುದೆಂದಾಗ ಆ ಮನೆ ಬಿಟ್ಟು ನವನಗರಕ್ಕೆ ಬಂದೆವು. ಸಾಮಾನು ಟ್ರ್ಯಾಕ್ಟರಿಗೆ ಹೇರಿದ ದಿನ ನಾನು ಅತ್ತದ್ದು ಮನೆಗಲ್ಲ, ಅಡಿಗೆಮನೆಯ ನೆಲದಲ್ಲಿ ಹುಗಿದಿದ್ದ ಒಳಕಲ್ಲಿಗೆ. ನಮ್ಮ ಅತ್ತೆ, ಅವರ ಅತ್ತೆ ಖಾರ ಅರೆದ ಕಲ್ಲು ಅದು. 'ಮಿಕ್ಸರ್ ಐತಲ್ಲ, ಕಲ್ಲಿಗೆ ಯಾಕ ಅಳತಿ?' ಎಂದು ನಮ್ಮ ಮನೆಯವರು ಗದರಿಸಿದರು. ಮರುದಿನ ಮುಂಜಾನೆ ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ, ಹಾರೆಯಿಂದ ನೆಲ ಅಗೆಸಿ, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಆ ಕಲ್ಲನ್ನು ತಂದು ನವನಗರದ ಹಿತ್ತಲಲ್ಲಿ ನುಗ್ಗಿಗಿಡದ ಕೆಳಗೆ ಹುಗಿಸಿ ಕೊಟ್ಟರು. ಅವರ ಸ್ವಭಾವ ಅಂಥದು. ಬಾಯಿ ಬಿರುಸು, ಕೈ ಮೆತ್ತಗೆ.

ಮಗ 2011ರಲ್ಲಿ ಅಮೆರಿಕೆಗೆ ಹೋದ. ಟೆಕ್ಸಾಸಿನಲ್ಲಿ ಸ್ಯಾನ್ ಆಂಟೋನಿಯೊ ಎಂಬ ಊರು. 2016ರಲ್ಲಿ ಒಂದು ಮುಂಜಾನೆ ಫೋನು ಮಾಡಿ, ತನ್ನ ಜೊತೆಗೆ ಕೆಲಸ ಮಾಡುವ ಹುಡುಗಿಯನ್ನು ಲಗ್ನವಾಗುತ್ತೇನೆ ಎಂದ. ಆಕೆಯ ತಾಯಿತಂದೆ ಮೆಕ್ಸಿಕೊ ದೇಶದ ಮಾಂಟೆರ್ರೆ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ನಮ್ಮ ಮನೆಯವರು ಜಾತಿ ಕೇಳಲಿಲ್ಲ, ದೇವರು ಕೇಳಲಿಲ್ಲ. 'ಅವರು ಏನು ಉಣ್ತಾರೋ?' ಎಂದು ಕೇಳಿದರು.

'ಎಲ್ಲಾ ಉಣ್ತಾರಪ್ಪಾ.'

'ಹಂಗಾದ್ರ ನಮ್ಮ ಮನ್ಯಾಗ ಏನು ಉಣ್ತಾಳ?'

ಅಷ್ಟು ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ಲಗ್ನಕ್ಕೆ ಅವರು ಹೋಗಲಿಲ್ಲ. ನಾನೂ ಹೋಗಲಿಲ್ಲ. ಅವರು ಬೇಡ ಎಂದದ್ದಕ್ಕೆ ಹೋಗಲಿಲ್ಲ ಎಂದು ಊರಿಗೆಲ್ಲ ಹೇಳಿದೆ. ನಿಜ ಹೇಳಬೇಕೆಂದರೆ ನನಗೂ ಮನಸ್ಸಿರಲಿಲ್ಲ.

ಇಲ್ಲಿ ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಒಂದು ದೀಪಾವಳಿಗೆ ಮಗ ಮಾತಾಡುತ್ತಿದ್ದವನು ಫೋನು ತಿರುಗಿಸಿ ತನ್ನ ಅತ್ತೆಯನ್ನು ತೋರಿಸಿದ. ದುಂಡು ಮುಖ, ಬೆಳ್ಳಗಾದ ಕೂದಲು, ಕೈಗೆ ಹಿಟ್ಟು ಮೆತ್ತಿತ್ತು. ಹಿಟ್ಟಿನ ಕೈಯನ್ನೇ ಎತ್ತಿ ನಕ್ಕಳು. ತನ್ನ ಭಾಷೆಯಲ್ಲಿ ಏನೋ ಅಂದಳು. ನನಗೆ ಏನೂ ತೋಚಲಿಲ್ಲ. 'ಒಲಿ ಮ್ಯಾಲೆ ಹಾಲು ಇಟ್ಟೀನಿ' ಎಂದು ಫೋನು ಇಟ್ಟೆ. ಒಲೆಯ ಮೇಲೆ ಹಾಲು ಇರಲಿಲ್ಲ. ಆಮೇಲೆ ಎರಡು ಮೂರು ಸಲ 'ಅತ್ತಿ ನಿನ್ನ ಜೋಡಿ ಮಾತಾಡಬೇಕಂತಾಳ' ಎಂದು ಮಗ ಹೇಳಿದ. ಪ್ರತಿ ಸಲವೂ ನನ್ನ ಒಲೆಯ ಮೇಲೆ ಹಾಲು ಇರುತ್ತಿತ್ತು.

2021ರಲ್ಲಿ ನಮ್ಮ ಮನೆಯವರು ತೀರಿಕೊಂಡರು. ವಿಮಾನಗಳು ನಿಂತ ಕಾಲ. ಮಗ ಅಪ್ಪನ ಮುಖವನ್ನು ಫೋನಿನಲ್ಲೇ ನೋಡಿದ. 2023ರ ಕೊನೆಗೆ ಅವನ ಅತ್ತೆಯೂ ಹೋದಳೆಂದು ಸುದ್ದಿ ಬಂತು. ಮರುವರ್ಷ ಜನೆವರಿಯಲ್ಲಿ ಮಗ ಸೊಸೆಯನ್ನು ಕರೆದುಕೊಂಡು ಮೂರು ವಾರದ ಮಟ್ಟಿಗೆ ಮನೆಗೆ ಬಂದ. ಲಗ್ನವಾಗಿ ಎಂಟು ವರ್ಷಕ್ಕೆ ಸೊಸೆ ಅತ್ತೆಯ ಹೊಸ್ತಿಲು ದಾಟಿದಳು.

ಹುಡುಗಿ ಮೈಯಲ್ಲಿ ತೆಳ್ಳಗೆ, ಮಾತಿನಲ್ಲಿ ಮೆತ್ತಗೆ. ಬರುವ ಮೊದಲು ನಾಲ್ಕು ಕನ್ನಡ ಮಾತು ಕಲಿತು ಬಂದಿದ್ದಳು. ಅವ್ವ, ಬೇಕು, ಸಾಕು, ಇಲ್ಲ. ನಾಲ್ಕರಲ್ಲಿ ಆಕೆ ಹೆಚ್ಚಾಗಿ ಬಳಸಿದ್ದು 'ಸಾಕು.' ಹೋಳಿಗೆ ಮಾಡಿದೆ, ಎಣ್ಣೆಗಾಯಿ ಮಾಡಿದೆ, ಮಾದಲಿ ಮಾಡಿದೆ. ಒಂದು ತುತ್ತು ಉಂಡು 'ಸಾಕು ಅವ್ವ' ಎನ್ನುವಳು. ಖಾರದ ಅಂಜಿಕೆ ಇರಬೇಕೆಂದುಕೊಂಡೆ. ಮಗ ನಕ್ಕ. 'ಖಾರ ಅಕಿಗೆ ನಮಗಿಂತ ಹೆಚ್ಚ ಬೇಕವ್ವಾ. ಅವರಮ್ಮ ಹೋದಾಗಿಂದ ಹಿಂಗ ಆಗ್ಯಾಳ.'

ಮನಸ್ಸು ಹಗುರಾಗಲೆಂದು ಬನಶಂಕರಿ ಜಾತ್ರೆಗೆ ಕರೆದುಕೊಂಡು ಹೋದೆವು. ಬಾದಾಮಿಯ ಬನಶಂಕರಿ ನಮ್ಮ ಕಡೆಯ ಶಾಕಂಭರಿ. ಮಳೆಯಿಲ್ಲದೆ ಲೋಕ ಒಣಗಿದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಜನರಿಗೆ ಉಣಿಸಿದ ತಾಯಿ. ಪುಷ್ಯ ಮಾಸದ ಹುಣ್ಣಿವೆಗೆ ತೇರು. ಅದಕ್ಕೆ ಮೊದಲು ಪಲ್ಲೇದ ಹಬ್ಬ. ನೂರೆಂಟು ಬಗೆಯ ಪಲ್ಲೆ ಮಾಡಿ ತಾಯಿಗೆ ಎಡೆ ಹಿಡಿಯುವ ಹಬ್ಬ ಅದು. ಮಗ ಈ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ. ಸೊಸೆ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ನಾಟಕ ಕಂಪನಿಗಳ ಧ್ವನಿವರ್ಧಕ, ಬಳೆ ಅಂಗಡಿ, ಧೂಳು, ಯಾವುದೂ ಆಕೆಗೆ ಹತ್ತಲಿಲ್ಲ. ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮುದುಕಿಯ ಮುಂದೆ ಮಾತ್ರ ನಿಂತುಬಿಟ್ಟಳು. ಬುಟ್ಟಿಯಲ್ಲಿ ಬಿಳಿ ಜೋಳದ ರೊಟ್ಟಿ, ಕೆಂಪು ಖಾರ, ಕಾಳಿನ ಪಲ್ಲೆ, ಕುಡಿಕೆಯಲ್ಲಿ ಕೆನೆಮೊಸರು. ಸೊಸೆ ನೆಲದ ಮೇಲೇ ಕುಳಿತಳು. ರೊಟ್ಟಿ ಮುರಿದು, ಕಾಳು ಹಾಕಿ, ಕೆಂಪು ಖಾರ ಸವರಿ, ಸುರುಳಿ ಸುತ್ತಿ ಉಂಡಳು. ಒಂದಲ್ಲ, ಎರಡು ರೊಟ್ಟಿ. ನಮ್ಮಂತೆ ತುತ್ತು ಮಾಡಿ ಉಣ್ಣಲಿಲ್ಲ, ಸುತ್ತಿ ಉಂಡಳು. ಮುದುಕಿ ನನ್ನನ್ನು ನೋಡಿ, 'ಯಾವ ಊರಾಕಿ ಬೇ? ಹಸಿದಿತ್ತು ಕೂಸು' ಎಂದಳು. ನನ್ನ ಹೋಳಿಗೆಯ ಮಾನ ಆ ಹೊಂಡದಲ್ಲಿ ಮುಳುಗಿತು.

ಅವತ್ತು ರಾತ್ರಿ ಸೊಸೆ ತಾನಾಗಿಯೇ ಮಾತಾಡಿದಳು. ಮಗ ಕನ್ನಡ ಮಾಡಿ ಹೇಳುತ್ತ ಹೋದ. ಆಕೆಯ ತಾಯಿ ವಾರಕ್ಕೊಮ್ಮೆ ಅಲ್ಬೊಂಡಿಗಸ್ ಎಂಬುದನ್ನು ಮಾಡುತ್ತಿದ್ದಳಂತೆ. ಕುಟ್ಟಿದ ಮಾಂಸದಲ್ಲಿ ಅಕ್ಕಿ, ಪುದೀನಾ ಕಲಸಿ ಉಂಡೆ ಕಟ್ಟಿ ಟೊಮ್ಯಾಟೊ ಮೆಣಸಿನಕಾಯಿಯ ಸಾರಿನಲ್ಲಿ ಬೇಯಿಸುವುದು. ಮಾಂಸ ಎಂಬ ಮಾತು ಬಂದೊಡನೆ ನಾನು ಕುಳಿತಲ್ಲೇ ಸ್ವಲ್ಪ ಸರಿದೆನೆಂದು ಕಾಣುತ್ತದೆ. ಮಗ ಅದನ್ನು ನೋಡಿದ. ಒಂದು ಗಳಿಗೆ ಸುಮ್ಮನಿದ್ದು ಹೇಳಿದ.

'ಅವ್ವಾ, ಅಪ್ಪ ಹೋದಾಗ ನಾ ಉಪವಾಸ ಬಿದ್ದಿದ್ದೆ. ಅತ್ತಿ ನಮ್ಮ ಮನಿಗೆ ಬಂದ್ಲು. ಅವರಲ್ಲಿ ಸತ್ತವರ ಸಲುವಾಗಿ ಒಂಬತ್ತು ದಿನ ಪ್ರಾರ್ಥನಾ ಮಾಡೂ ಪದ್ಧತಿ ಐತಿ. ಅಪ್ಪನ ಫೋಟೋ ಇಟ್ಟು ಒಂಬತ್ತು ದಿನ ಮಾಡಿದ್ಲು. ಆ ಒಂಬತ್ತು ದಿನ ಮನ್ಯಾಗ ಮಾಂಸ ತರಲಿಲ್ಲ. ನಿಮ್ಮಪ್ಪಗ ಸೇರತಿರಲಿಲ್ಲಲ್ಲ ಅಂದ್ಲು. ಕಾಳಿನಾಗ ಅದ ಉಂಡಿ ಮಾಡಿ ನನಗ ಉಣಿಸಿದ್ಲು.'

ನನಗೆ ಮಾತು ಹೊರಡಲಿಲ್ಲ. 'ಏನು ಉಣ್ತಾರೋ' ಎಂದು ಕೇಳಿ ಫೋನು ಬಿಟ್ಟುಕೊಟ್ಟ ಮನುಷ್ಯನ ಸಲುವಾಗಿ, ಏಳು ಸಮುದ್ರದ ಆಚೆಗೆ ಒಬ್ಬ ಹೆಂಗಸು ಒಂಬತ್ತು ದಿನ ತನ್ನ ಅಡಿಗೆ ಬದಲಿಸಿದ್ದಳು. ಅದನ್ನು ಹೇಳಲಿಕ್ಕೇ ಆಕೆ ಫೋನಿಗೆ ಬರುತ್ತಿದ್ದಳೋ ಏನೋ. ನಾನು ಹಾಲು ಕಾಯಿಸುತ್ತಿದ್ದೆ.

'ಹೆಂಗ ಮಾಡತಿದ್ಲು?' ಎಂದು ಕೇಳಿದೆ. ತಾಯಿ ಬರೆದಿಟ್ಟಿರಲಿಲ್ಲ, ಮಗಳು ಕಲಿತಿರಲಿಲ್ಲ. ಚುಕ್ಕೆ ಚುಕ್ಕೆಯ ಕಾಳು, ಪುದೀನಾ ವಾಸನೆ, ಸುಟ್ಟ ಹೊಗೆಯ ರುಚಿ, ಇಷ್ಟೇ ಇಬ್ಬರಿಗೂ ನೆನಪು. ಸರಿ, ಅಷ್ಟರ ಮೇಲೆ ನಾನು ಸೆರಗು ಸಿಗಿಸಿದೆ.

ಮರುದಿನ ಪೇಟೆಗೆ ಹೋದೆ. ಕೆಂಪು ರಾಜ್ಮಾದ ಪಕ್ಕದಲ್ಲಿ ಚುಕ್ಕೆಯ ಚಿತ್ರಾ ರಾಜ್ಮಾ ಸಿಕ್ಕಿತು. ಸೊಸೆ ಫೋನಿನ ಚಿತ್ರ ನೋಡಿ ಅದೇ ಎಂದು ಕತ್ತು ಹಾಕಿದಳು. ಕಾಲು ಕಿಲೊ ಕಾಳನ್ನು ರಾತ್ರಿಯೆಲ್ಲ ನೆನೆಸಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಮಿಕ್ಸರಿಗೆ ಹಾಕಿ ನುಣ್ಣಗೆ ಮಾಡಿದೆ. ಉಂಡಿ ಕಟ್ಟಿದೆ, ಕುದಿಯುವ ಸಾರಿಗೆ ಬಿಟ್ಟೆ. ಮುಚ್ಚಳ ತೆಗೆದು ನೋಡಿದರೆ ಉಂಡಿ ಇಲ್ಲ! ಹನ್ನೆರಡು ಉಂಡಿಯೂ ಕರಗಿ ಸಾರಿನಲ್ಲಿ ಐಕ್ಯವಾಗಿದ್ದವು. ಅದನ್ನೇ ಬೇಳೆಸಾರು ಎಂದು ತಿಳಿದು ಅನ್ನಕ್ಕೆ ಹಾಕಿಕೊಂಡು ಉಂಡೆವು.

ಎರಡನೆಯ ಸಲ ನಾನು ಜಾಣಳಾದೆ. ಒಡೆಯಬಾರದೆಂದು ಎರಡು ಹಿಡಿ ಕಡ್ಲಿಹಿಟ್ಟು ಸೇರಿಸಿ ಎಣ್ಣೆಯಲ್ಲಿ ಕರಿದೆ. ಉಂಡಿ ಒಡೆಯಲಿಲ್ಲ. ಹಲ್ಲು ಒಡೆಯುವುದೊಂದು ಬಾಕಿ. ಮಗ ತಿಂದು, 'ಅವ್ವಾ, ಇದು ಭಜಿ' ಎಂದ. ಸೊಸೆ ಒಂದು ಪೂರ್ತಿ ತಿಂದಳು. ಮರ್ಯಾದೆಗೆ ತಿಂದಳೆಂದು ನನಗೆ ತಿಳಿಯಿತು. ಅಲ್ಬೊಂಡಿಗ ಎಂಬ ಮಾತು ಅರಬ್ಬರ ಬುಂದುಕ್ ಎಂಬ ಮಾತಿನಿಂದ ಸ್ಪೇನಿಗೆ ಬಂದದ್ದಂತೆ. ಬುಂದುಕ್ ಎಂದರೆ ಒಂದು ಗಟ್ಟಿ ದುಂಡು ಬೀಜ. ಅದೇ ಮಾತು ಇತ್ತ ಕಡೆ ಬಂದು ನಮ್ಮ ಬಂದೂಕು ಆಯಿತು. ಮಗ ಇದನ್ನು ಹೇಳಿದಾಗ ನನಗೆ ನಗು ಬಂತು. ನನ್ನ ಎರಡನೆಯ ಉಂಡಿ ತನ್ನ ಕುಲಕ್ಕೆ ನ್ಯಾಯ ಮಾಡಿತ್ತು. ಬಂದೂಕಿಗೆ ಹಾಕಿ ಹಾರಿಸಬಹುದಿತ್ತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ಮುಂದಿಟ್ಟುಕೊಂಡು ತೊಟ್ಟು ಮುರಿಯುತ್ತ ಕುಳಿತಾಗ ಹಳೆಯದೊಂದು ಮಾತು ನೆನಪಾಯಿತು. ಶಾಲೆಯಲ್ಲಿದ್ದಾಗ ವರ್ಷಾ ಹುಡುಗಿಯರನ್ನು ಬಾದಾಮಿಗೆ ಕರೆದೊಯ್ಯುತ್ತಿದ್ದೆ. ಮೂರನೆಯ ಗುಹೆಯಲ್ಲಿ ನಿಂತು, ಕ್ರಿ.ಶ. 578ರಲ್ಲಿ ಮಂಗಳೇಶ ಇದನ್ನು ಮುಗಿಸಿದ ಎಂದು ಪಾಠ ಹೇಳುತ್ತಿದ್ದೆ. ಒಂದು ವರ್ಷ ಒಬ್ಬಳು, 'ಟೀಚರ್, ಕಲ್ಲು ಕಡಿಯಾವರು ಬುತ್ತಿ ಏನು ತರತಿದ್ರು?' ಎಂದು ಕೇಳಿದಳು. ನಾನು ಧೈರ್ಯವಾಗಿ, 'ನಾವು ತಂದದ್ದ, ರೊಟ್ಟಿ, ಕೆಂಪು ಖಾರ' ಎಂದುಬಿಟ್ಟೆ. ತಪ್ಪು ಹೇಳಿದ್ದೆ. ಮೆಣಸಿನಕಾಯಿ ಈ ನೆಲಕ್ಕೆ ಬಂದದ್ದು 1498ರಲ್ಲಿ ಪೋರ್ಚುಗೀಸರು ಕಡಲ ದಾರಿ ಕಂಡುಕೊಂಡ ಮೇಲೆ. ಚಾಲುಕ್ಯರ ಬಾಣಸಿಗರಿಗೆ ಖಾರ ಎಂದರೆ ಕರಿಮೆಣಸು. ಅದರ ಕೆಲಸವನ್ನು ಮಾಡಿದ ಕಾಯಿಗೆ ನಾವು ಮೆಣಸಿನಕಾಯಿ ಎಂದು ಕರೆದೆವು, ಹೆಸರು ಕೊಟ್ಟೊಡನೆ ಅದು ನಮ್ಮದೇ ಆಯಿತು. ಅದರ ಮೂಲ ಸೊಸೆಯ ಅಜ್ಜಿಯ ದೇಶ. ಟೊಮ್ಯಾಟೊ ಕೂಡ ಅಲ್ಲಿಯದೇ. ಆ ಹೆಸರೇ ಅಲ್ಲಿಯ ಹಳೆಯ ಜನರ ಮಾತು. ಗೋವಿನಜೋಳ ಅಲ್ಲಿಯದು. ನಾವು ಹಿಂಡಿ ಕುಟ್ಟುವ ಸೇಂಗಾ ಅದಕ್ಕೂ ತೆಂಕಣ ಅಮೆರಿಕದಿಂದ ಬಂದದ್ದು. ಇಷ್ಟೇ ಏಕೆ, ನಮ್ಮ ಎರೆಭೂಮಿಯ ಬಿಳಿ ಜೋಳದ ಹಿರಿಯರು ಆಫ್ರಿಕದವರು.

ಕೊಟ್ಟದ್ದೂ ಉಂಟು. ಜೀರಿಗೆ, ಕೊತ್ತಂಬರಿ, ಅಕ್ಕಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಇವೆಲ್ಲ ಈ ಕಡೆಯ ಲೋಕದಿಂದ ಸ್ಪೇನಿನವರ ಹಡಗು ಏರಿ ಮೆಕ್ಸಿಕೊಗೆ ಹೋದವು. ಇನ್ನೂ ಒಂದು ಸಂಗತಿ. ದನ, ಹಂದಿ, ಕುರಿ ಕೂಡ ಆ ನೆಲಕ್ಕೆ ಅದೇ ಹಡಗಿನಲ್ಲಿ ಹೋದವುಗಳೇ. ಅದಕ್ಕಿಂತ ಮೊದಲು ಸಾವಿರಾರು ವರ್ಷಗಳಿಂದ ಅಲ್ಲಿಯ ಜನ ಬೆಳೆದು ಉಂಡದ್ದು ಈ ಚುಕ್ಕೆಯ ಕಾಳು. ಅಂದ ಮೇಲೆ ಅಲ್ಬೊಂಡಿಗದಲ್ಲಿ ಹೊರಗಿನದು ಮಾಂಸ, ಮನೆಯದು ಕಾಳು! ಬೀಗತಿ ನನ್ನ ಗಂಡನ ಸಲುವಾಗಿ ಮಾಂಸ ತೆಗೆದು ಕಾಳು ಹಾಕಿದಾಗ, ತಿಳಿದೋ ತಿಳಿಯದೆಯೋ ತನ್ನ ಹಿರಿಯರ ಅಡಿಗೆಮನೆಗೇ ಹೋಗಿದ್ದಳು. ನಮ್ಮ ಮನೆಯವರು ಕೇಳಿದ ಪ್ರಶ್ನೆಗೆ ಇದೇ ಉತ್ತರವಾಗಿತ್ತು. ಅವರು ನಾವು ಉಣ್ಣುವುದನ್ನೇ ಉಣ್ಣುತ್ತಾರೆ. ಉತ್ತರ ಕೇಳಲು ಅವರು ಇರಲಿಲ್ಲ. ಇದ್ದ ನಾನು ಕೇಳಿಸಿಕೊಂಡಿರಲಿಲ್ಲ.

ಮುಂಜಾನೆ ಇಳಕಲ್ಲದಿಂದ ಅಕ್ಕ ಬಂದಳು. ಎಪ್ಪತ್ತೈದರ ಹತ್ತಿರ ವಯಸ್ಸು, ಉಟ್ಟದ್ದು ತೋಪ ತೆನಿಯ ಸೀರೆ, ಬಾಯಲ್ಲಿ ಎಲಡಿಕೆ. ನನ್ನ ಎರಡು ಸೋಲಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

'ಅಲ್ಲ ತಂಗಿ, ನೇಕಾರರ ಓಣ್ಯಾಗ ಬೆಳದಾಕಿ ನೀನು. ಸೆರಗಿನ ಹಾಸು ಬ್ಯಾರೆ, ಮೈ ಹಾಸು ಬ್ಯಾರೆ. ಒಂದು ರೇಷ್ಮಿ, ಒಂದು ನೂಲು. ಎಳಿಗೆ ಎಳಿ ಕೊಂಡಿ ಹಾಕಲಿಲ್ಲಂದ್ರ ಕೂಡತಾವೇನು? ನಿನ್ನ ಉಂಡಿಗೂ ಒಂದು ಕೊಂಡಿ ಬೇಕು.'

'ಕಡ್ಲಿಹಿಟ್ಟು ಹಾಕಿದ್ನಲ್ಲ.'

'ಅದು ಕೊಂಡಿ ಅಲ್ಲ, ಗಾರಿ. ಸಿಮೆಂಟು ಕಲಸಿದಂಗ ಕಲಸಿದ್ರ ಉಂಡಿ ಆಗೂದಿಲ್ಲ, ಗ್ವಾಡಿ ಆಗತೈತಿ.'

ಮುಂದಿನ ಕೆಲಸ ಅಕ್ಕನ ಯಜಮಾನಿಕೆಯಲ್ಲಿ ನಡೆಯಿತು. ಬೆಂದ ಕಾಳನ್ನು ಬಸಿದು ಬಿಳಿ ಅರಿವೆಯ ಮೇಲೆ ಒಂದು ತಾಸು ಹರವಿ ಪಸೆ ಆರಿಸಿದೆವು. ಮಿಕ್ಸರನ್ನು ಮುಟ್ಟಗೊಡಲಿಲ್ಲ. ಕಾಳಿನ ಮೂರು ಪಾಲಿನಲ್ಲಿ ಎರಡನ್ನು ಕೈಯಿಂದ ಹಿಸುಕಿ, ಒಂದನ್ನು ಅರೆಬರೆ ಬಿಟ್ಟೆವು. ಹಲ್ಲಿಗೆ ಏನಾದರೂ ಸಿಗಬೇಕಲ್ಲ. ಕೊಂಡಿ ಎಂದು ಅಕ್ಕ ಆರಿಸಿದ್ದು ಎರಡು ಕಟಕ ರೊಟ್ಟಿ. ನಾವು ಮುಟಗಿ ಮಾಡುವಾಗ ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಉಪ್ಪು, ಖಾರದ ಜೊತೆಗೆ ಕುಟ್ಟಿ ಮುಷ್ಟಿಯಲ್ಲಿ ಹಿಚುಕಿದರೆ ಅದು ಹೇಗೆ ಉಂಡಿಯಾಗಿ ಹಿಡಿದುಕೊಳ್ಳುತ್ತದೆಂಬುದು ಗೊತ್ತೇ ಇದೆ. ಇಲ್ಲಿ ಒಣ ರೊಟ್ಟಿಯನ್ನು ರವೆಯ ಹಾಗೆ ಕುಟ್ಟಿ ಕಾಳಿಗೆ ಹಾಕಿದೆವು. ಅದು ಕಾಳಿನ ಪಸೆಯನ್ನು ಹೀರಿಕೊಂಡಿತು. ಬೀಗತಿಯ ನೆನಪಿಗೆ ಒಂದು ಹಿಡಿ ಅನ್ನ, ಸಣ್ಣಗೆ ಹೆಚ್ಚಿದ ಪುದೀನಾ. ಹುರಿದ ಉಳ್ಳಾಗಡ್ಡಿ ಒಂದು, ಜಜ್ಜಿದ ಬಳ್ಳೊಳ್ಳಿ ಆರು ಎಸಳು, ಒಂದು ಚಮಚೆ ಹುರಿದ ಜೀರಿಗೆಯ ಪುಡಿ, ಉಪ್ಪು. ಕಲಸಿ ಅರ್ಧ ತಾಸು ಮುಚ್ಚಿಟ್ಟು ಆಮೇಲೆ ಉಂಡಿ ಕಟ್ಟಿದೆವು. ಎಣ್ಣೆಯಲ್ಲಿ ತೇಲಿಸಿ ಕರಿದರೆ ಮತ್ತೆ ಭಜಿಯಾದೀತೆಂದು ಪಡ್ಡಿನ ಹಂಚು ಇಟ್ಟೆ. ಒಂದೊಂದು ಕುಳಿಗೆ ಒಂದೊಂದು ಉಂಡಿ, ಸುತ್ತ ನಾಲ್ಕು ಹನಿ ಎಣ್ಣೆ. ತಿರುವಿ ತಿರುವಿ ಬೇಯಿಸಿದರೆ ಮೇಲೆ ಕಂದು ಪದರು, ಒಳಗೆ ಮೆತ್ತಗೆ. ಪಡ್ಡಿನ ಹಂಚು ಮಾಡಿದ ಪುಣ್ಯಾತ್ಮ ಮೆಕ್ಸಿಕೊವನ್ನು ಕಂಡಿರಲಿಕ್ಕಿಲ್ಲ. ಆದರೆ ಈ ಉಂಡಿಗೆ ಹೇಳಿ ಮಾಡಿಸಿದ ಹಾಗೆ ಮಾಡಿಟ್ಟಿದ್ದಾನೆ.

ಸಾರಿನ ಕೆಲಸ ಉಳಿದಿತ್ತು. ಐದು ಟೊಮ್ಯಾಟೊ, ಒಂದು ಉಳ್ಳಾಗಡ್ಡಿ, ನಾಲ್ಕು ಎಸಳು ಬಳ್ಳೊಳ್ಳಿ ಇವನ್ನು ರೊಟ್ಟಿಯ ಹಂಚಿನ ಮೇಲೆ ಹಾಗೇ ಕರ್ರಗೆ ಸುಡಬೇಕು ಎಂದು ಸೊಸೆ ಕೈಸನ್ನೆ ಮಾಡಿ ತೋರಿಸಿದಳು. ಅದು ಆಕೆಗೆ ಒಮ್ಮೆಲೇ ನೆನಪಾದದ್ದು. ಅವರ ತಾಯಿಯೂ ಹಂಚಿನ ಮೇಲೆ ಸುಡುತ್ತಿದ್ದಳಂತೆ. ಎಂಟು ಬ್ಯಾಡಗಿ ಮೆಣಸಿನಕಾಯಿಯನ್ನು ಅದೇ ಹಂಚಿನ ಮೇಲೆ ಹೊರಳಾಡಿಸಿ ಬಿಸಿನೀರಿನಲ್ಲಿ ನೆನೆಹಾಕಿದೆವು. ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ. ಅವರಲ್ಲಿಯೂ ಹೀಗೆ ಬಣ್ಣಕ್ಕೆ ಹಾಕುವ ಸುಕ್ಕು ಮೆಣಸಿನಕಾಯಿಗಳಿವೆ ಎಂದು ಮಗ ಹೇಳಿದ. ಹೊಗೆಯ ರುಚಿಗೆ ಅಲ್ಲಿ ಹಣ್ಣು ಮೆಣಸಿನಕಾಯಿಯನ್ನು ಹೊಗೆಯಲ್ಲಿಯೇ ಒಣಗಿಸುತ್ತಾರಂತೆ. ನಮ್ಮಲ್ಲಿ ಅದೆಲ್ಲಿ? ಇದ್ದಿಲು ಕೆಂಡ ಮಾಡಿ, ಸಣ್ಣ ಬಟ್ಟಲಲ್ಲಿಟ್ಟು, ಮೇಲೆ ಎರಡು ಹನಿ ತುಪ್ಪ ಬಿಟ್ಟು ಸಾರಿನ ಪಾತ್ರೆಯಲ್ಲಿ ಮುಚ್ಚಿಟ್ಟರಾಯಿತು ಎಂದು ಅಕ್ಕ ಹೇಳಿದಳು.

ಅರೆಯುವುದಕ್ಕೆ ಹಿತ್ತಲಿಗೆ ಹೋದೆವು. ನುಗ್ಗಿಗಿಡದ ಕೆಳಗಿನ ಒಳಕಲ್ಲನ್ನು ನೋಡಿದೊಡನೆ ಸೊಸೆ ಕುಕ್ಕರುಗಾಲಲ್ಲಿ ಕುಳಿತು ಅದರ ಅಂಚನ್ನು ಕೈಯಿಂದ ಸವರಿದಳು. ಆಕೆಯ ಅಜ್ಜಿಯದೂ ಒಂದು ಕರಿ ಕಲ್ಲು ಇತ್ತಂತೆ. ಮಾಂಟೆರ್ರೆ ಬಿಟ್ಟು ಬರುವಾಗ ಭಾರವೆಂದು ಅಲ್ಲೇ ಬಿಟ್ಟರಂತೆ. ಆಕೆಯ ತಾಯಿ ಕೊನೆಯವರೆಗೂ ಅದನ್ನು ನೆನೆದು ಪೇಚಾಡುತ್ತಿದ್ದಳಂತೆ. ನಾನು ಮಗನಿಗೆ, 'ಇದನ್ನ ನಿಮ್ಮಪ್ಪ ತಂದದ್ದು, ಬೈಕೋತ ತಂದದ್ದು ಅಂತ ಹೇಳು' ಎಂದೆ. ಅವನು ಹೇಳಿದ. ಸೊಸೆ ನಕ್ಕಳು. ಬಂದು ಹನ್ನೆರಡು ದಿನಕ್ಕೆ ನಾನು ಆಕೆಯ ನಗು ಕಂಡದ್ದು ಅದೇ ಮೊದಲು. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಗುಂಡು ಹಿಡಿದು ಖಾರ ಅರೆದೆವು. ನನ್ನ ಗಂಡ ಇರುವಾಗ ಇದು ಆಗಬೇಕಿತ್ತು ಎಂದು ಅನಿಸಿತು. ಹೇಳಲಿಲ್ಲ, ಖಾರ ಅರೆಯುವಾಗ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಅರೆದದ್ದನ್ನು ಎಣ್ಣೆಯಲ್ಲಿ ಹುರಿದು, ನೀರು ಬೆರೆಸಿ ಕುದಿಸಿ, ಹೊಗೆ ಕೊಟ್ಟೆವು. ಉಂಡಿಯನ್ನು ಕುದಿಯುವ ಸಾರಿಗೆ ಹಾಕಲಿಲ್ಲ. ಬಟ್ಟಲಲ್ಲಿ ಉಂಡಿಯಿಟ್ಟು ಮೇಲೆ ಬಿಸಿ ಸಾರು ಸುರಿದೆವು. ನಾನು ಉಸಿರು ಹಿಡಿದು ನೋಡಿದೆ. ಒಡೆಯಲಿಲ್ಲ.

ಮೊದಲ ಬಟ್ಟಲನ್ನು ಪಡಸಾಲೆಯಲ್ಲಿ ನಮ್ಮ ಮನೆಯವರ ಫೋಟೋದ ಮುಂದೆ ಎಡೆ ಇಟ್ಟೆ. ಮಹಾನವಮಿ ಅಮಾಸೆಗೆ ಹಿರಿಯರಿಗೆ ಇಡುವ ಹಾಗೆ. ಸೊಸೆ ನೋಡುತ್ತ ನಿಂತಿದ್ದಳು. ಅವರಲ್ಲಿಯೂ ನವೆಂಬರ 1 ಮತ್ತು 2ರಂದು ಸತ್ತವರ ಚಿತ್ರವಿಟ್ಟು ಅವರಿಗೆ ಸೇರುತ್ತಿದ್ದ ಅಡಿಗೆ ಇಡುತ್ತಾರೆಂದು ಮಗ ಹೇಳಿದ. ಆಕೆ ಒಳಗೆ ಹೋಗಿ, ಫೋನಿನಲ್ಲಿ ತಾಯಿಯ ಚಿತ್ರ ತೆಗೆದು, ತಂದು ಫೋಟೋಕ್ಕೆ ಆನಿಸಿ ನಿಲ್ಲಿಸಿದಳು. ಅದೇ ದುಂಡು ಮುಖ, ಅದೇ ಬೆಳ್ಳಗಿನ ಕೂದಲು. ನಾನು ಎರಡನೆಯ ಬಟ್ಟಲು ತಂದು ಇಟ್ಟೆ. ಬದುಕಿದ್ದಾಗ ಒಂದು ದಿನವೂ ಮಾತಾಡದ ಬೀಗರು ಒಂದೇ ಗೋಡೆಗೆ ಆನಿಕೊಂಡು ಒಂದೇ ಅಡಿಗೆಯ ಮುಂದೆ ಕುಳಿತಿದ್ದರು. ನಮ್ಮ ಮನೆಯವರು ಬೇಡ ಎನ್ನಲಿಲ್ಲ.

ಆಮೇಲೆ ನಾವು ಉಣ್ಣಲು ಕುಳಿತೆವು. ಸೊಸೆ ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡಳು. ನಾನು ಪರೀಕ್ಷೆಗೆ ಕುಳಿತ ಹುಡುಗಿಯ ಹಾಗೆ ಆಕೆಯ ಮುಖ ನೋಡಿದೆ.

'ನಿಮ್ಮವ್ವ ಮಾಡಿದಂಗ ಆಗೇತೇನವ್ವಾ?'

ಮಗ ಕೇಳಿ ಹೇಳಬೇಕಾಗಲಿಲ್ಲ. ಆಕೆಗೆ ತಿಳಿದಿತ್ತು. ಸ್ವಲ್ಪ ಹೊತ್ತು ಅಗಿದು, 'ಇಲ್ಲ' ಎಂದಳು. ಆಕೆಗೆ ಬರುವ ನಾಲ್ಕು ಮಾತಿನಲ್ಲಿ ಒಂದು. ಅಕ್ಕ ನನ್ನ ತೊಡೆ ಚಿವುಟಿದಳು. ಆಮೇಲೆ ಸೊಸೆ ಬಟ್ಟಲು ಮುಂದೆ ಚಾಚಿ, 'ಅವ್ವ, ಬೇಕು' ಎಂದಳು.

ಸುಳ್ಳು ಹೇಳಿ ಹೌದು ಎಂದಿದ್ದರೆ ನನಗೆ ಅಷ್ಟು ಸಮಾಧಾನ ಆಗುತ್ತಿರಲಿಲ್ಲ. ಯಾರ ಅಡಿಗೆ ಅವರ ಜೊತೆಗೇ ಹೋಗುತ್ತದೆ. ಆಕೆಯ ತಾಯಿಯ ಉಂಡಿ ಆಕೆಯ ತಾಯಿಯದು. ಇದು ನಾನು ಕೊಡಬೇಕಿದ್ದ ಸಾಲದಲ್ಲಿ ಒಂದು ಕಂತು.

'ಮಾಂಸದುಂಡಿ ಅಂತ ಮಂದಿ ಮುಂದ ಹೇಳಬ್ಯಾಡ, ಹೆಸರರೆ ಬ್ಯಾರೆ ಇಡು' ಎಂದು ಅಕ್ಕ ಹೊರಡುವಾಗ ಬುದ್ಧಿ ಹೇಳಿದಳು. ಹಾಗೆಂದೇ ನಮ್ಮ ಮನೆಯಲ್ಲಿ ಈಗ ಅದಕ್ಕೆ ಬೀಗತಿ ಉಂಡಿ ಎಂದು ಹೆಸರು. ರಾಜ್ಮಾ ಸಿಗದಿದ್ದರೆ ಅಲಸಂದಿ ಕಾಳಿನಲ್ಲಿಯೂ ಆಗುತ್ತದೆ, ಮಾಡಿ ನೋಡಿದ್ದೇನೆ. ಓದಿದವರು ಯಾರಾದರೂ ಮಾಡುವುದಾದರೆ ಎರಡು ಮಾತು ನೆನಪಿನಲ್ಲಿಡಬೇಕು. ಬೆಂದ ಕಾಳಿನ ಪಸೆ ಆರುವವರೆಗೆ ತಾಳಿಕೊಂಡು ಕಾಯಬೇಕು. ಬೀಗತಿಯ ಫೋನು ಬಂದರೆ ಮಾತ್ರ ಕಾಯಬಾರದು. ಒಲೆಯ ಮೇಲೆ ನಿಜವಾಗಿಯೂ ಹಾಲು ಇದ್ದರೂ ಚಿಂತೆಯಿಲ್ಲ, ಉಕ್ಕಿದರೆ ಉಕ್ಕಲಿ.